ಪರ್ವದ ಅಡುಗೆಯಲ್ಲಿ ನೀರುಳ್ಳಿ ಬಜೆ

“ಇಪ್ಪತ್ತೆಂಟು ವರ್ಷ ಮತೀ, ಇಪ್ಪತ್ತೆಂಟು ವರ್ಷ! ಮೂವತ್ತು ಸಾವಿರ ಪುಸ್ತಕ ವಿಂಗಡಿಸಿ ಕಪಾಟಿನಲ್ಲಿ ನಿಲ್ಲಿಸಿದ ಕೈ ಇದು. ನಿಮ್ಮ ನೂರಿಪ್ಪತ್ತು ಅಡುಗೆ ಈ ಕೈಗೆ ಎಂತ ಲೆಕ್ಕ? ಶನಿವಾರ ಒಂದು ಮಧ್ಯಾಹ್ನ ನನಗೆ ಬಿಟ್ಟುಕೊಡು, ಸಾಕು. ಪಾಯಸ ಇರಬೇಕಾದಲ್ಲಿ ಪಾಯಸ ಇರ್ತದೆ, ಮೀನು ಇರಬೇಕಾದಲ್ಲಿ ಮೀನು ಇರ್ತದೆ!”

ಬಂಟ್ವಾಳದ ತನ್ನ ಮನೆಯಲ್ಲಿ, ಶುಕ್ರವಾರ ಸಂಜೆ, ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇರುವಾಗ, ಊಟದ ಬಟ್ಟಲಿನ ಮುಂದೆ ಕುಳಿತು ಹೇಮರಾಜ ಈ ಘನಘೋರ ಪ್ರತಿಜ್ಞೆ ಮಾಡಿದ. ಅವನು ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲ. ಪ್ರತಿಜ್ಞೆಯ ಬೆನ್ನಿಗೇ ಒಂದು ತುತ್ತು ಸಾರನ್ನ ಬಾಯಿಗಿಟ್ಟು, ಕಣ್ಣು ಮುಚ್ಚಿ, “ಆಹಾ! ಎಂತ ಸಾರು ಮಾರಾಯ್ತಿ! ಇಂಥ ಸಾರು ದೇವೇಂದ್ರನಿಗೂ ಸಿಕ್ಕಿರ್ಲಿಕ್ಕಿಲ್ಲ!” ಎಂದ. ಹೊಗಳಿದ್ದೇ ಹೊಗಳಿದ್ದು, ಅನ್ನ ಮಾತ್ರ ಅರ್ಧ ಬಟ್ಟಲು ಹಾಗೆಯೇ ಉಳಿಯಿತು.

ಹೆಂಡತಿ ಅನಂತಮತಿ ಉಳಿದ ಅನ್ನವನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ವಿಷಯ ಏನೆಂದರೆ, ಅನಂತಮತಿಗೆ ಒಂದು ಬ್ಲಾಗು ಉಂಟು. ಅವಳೊಬ್ಬಳದ್ದಲ್ಲ, ಪಕ್ಕದ ಮನೆಯ ಅಮ್ಮಣ್ಣಿಯದ್ದೂ ಹೌದು. ಹೆಸರು ‘ಎರಡು ಒಲೆ’. ಇದು ಜೈನರ ಮನೆ: ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ನೆಲದೊಳಗೆ ಬೆಳೆಯುವ ಯಾವುದೂ ಹೊಸ್ತಿಲು ದಾಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಅಷ್ಟಮಿ, ಚತುರ್ದಶಿಯ ಪರ್ವದ ದಿನ ಹಸಿರು ತರಕಾರಿಯೂ ಇಲ್ಲ. ಅಮ್ಮಣ್ಣಿಯದ್ದು ಬಂಟರ ಮನೆ: ಅಲ್ಲಿ ಬಂಗುಡೆ ಮೀನು ಬಾರದ ದಿನವೇ ಉಪವಾಸದ ದಿನ. ಇಪ್ಪತ್ತು ವರ್ಷದಿಂದ ಈ ಮನೆಯ ಪಾಯಸ ಕಂಪೌಂಡು ಗೋಡೆಯ ಮೇಲಿನಿಂದ ಆಚೆ ಹೋಗುತ್ತದೆ, ಆಚೆಯಿಂದ ತೊಳೆದ ಪಾತ್ರೆಯಲ್ಲಿ ಒಂದು ಹಿಡಿ ಮಲ್ಲಿಗೆ ಬರುತ್ತದೆ. ಆ ಗೋಡೆಯ ಎರಡೂ ಕಡೆಯ ಅಡುಗೆಯನ್ನು ಒಟ್ಟಿಗೆ ಬರೆಯುವ ಎಂದು ಗೆಳತಿಯರಿಗೆ ತೋಚಿತು. ‘ಒಂದನೇ ಒಲೆ’ ಅನಂತಮತಿಯದ್ದು, ‘ಎರಡನೇ ಒಲೆ’ ಅಮ್ಮಣ್ಣಿಯದ್ದು. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಹೇಮರಾಜನ ಸೊಸೆ, ಅಂದರೆ ತಂಗಿಯ ಮಗಳು ಸಾಧನಾ, ಎಲ್ಲವನ್ನೂ ಕಟ್ಟಿಕೊಟ್ಟಳು.

ಬ್ಲಾಗು ಚೆನ್ನಾಗಿಯೇ ನಡೆಯುತ್ತಿತ್ತು, ಸಿದ್ಧಕಟ್ಟೆಯ ವಿಜಯಮತಿ ದೊಡ್ಡಮ್ಮ ಅದನ್ನು ನೋಡುವವರೆಗೆ. ದೊಡ್ಡಮ್ಮ ಎಂದರೆ ಅನಂತಮತಿಯ ತಾಯಿಯ ಅಕ್ಕ. ವಯಸ್ಸು ಎಂಬತ್ತೊಂದು, ಕಣ್ಣು ಹದ್ದಿನದ್ದು. ಅವರ ಪೆಟ್ಟಿಗೆಯಲ್ಲಿ ಒಂದು ಹಳೆಯ ನೋಟುಪುಸ್ತಕ ಉಂಟು. ಅನಂತಮತಿಯ ಅಜ್ಜಿ ಮಾಡುತ್ತಿದ್ದ ಅಡುಗೆಯನ್ನೆಲ್ಲ ಅಜ್ಜಿಯ ಬಾಯಿಂದ ಕೇಳಿ ದೊಡ್ಡಮ್ಮ ಅದರಲ್ಲಿ ಬರೆದಿಟ್ಟಿದ್ದಾರೆ. ಅಜ್ಜಿಯ ಕೈರುಚಿ ಈ ಭೂಮಿಯ ಮೇಲೆ ಉಳಿದಿರುವುದು ಆ ಒಂದು ಪುಸ್ತಕದಲ್ಲಿ ಮಾತ್ರ. ಅನಂತಮತಿ ಹತ್ತು ವರ್ಷದಿಂದ ಕೇಳುತ್ತಿದ್ದಾಳೆ, ದೊಡ್ಡಮ್ಮ ಹತ್ತು ವರ್ಷದಿಂದ “ನೋಡುವ” ಎನ್ನುತ್ತಿದ್ದಾರೆ. ಈ ಸಲ ಫೋನು ಮಾಡಿದವರೇ ಹೇಳಿದರು:

“ಅನಂತಾ, ನಿನ್ನ ಹೆಸರುಬೇಳೆ ಪಾಯಸದ ಕೆಳಗೆ ಒಂದು ಮೀನು ಮಲಗಿಕೊಂಡು ನನ್ನನ್ನೇ ನೋಡ್ತಾ ಉಂಟಲ್ಲ!”

“ಅದು ಅಮ್ಮಣ್ಣಿಯ ಬಂಗುಡೆ ಪುಳಿಮುಂಚಿ ದೊಡ್ಡಮ್ಮ. ಕೆಳಗೆ ‘ಇದನ್ನೂ ಓದಿ’ ಅಂತ ಬರ್ತದೆ. ಕಂಪ್ಯೂಟರ್ ತನ್ನಷ್ಟಕ್ಕೇ ಹಾಕುವುದು.”

“ಕಂಪ್ಯೂಟರಿಗೆ ಹೇಳು. ಎರಡು ಒಲೆ ಅಂದ ಮೇಲೆ ಎರಡೇ ಆಗಿರ್ಬೇಕು. ಈ ಭಾನುವಾರ ಚತುರ್ದಶಿ. ಅವತ್ತು ಪುನಃ ನೋಡ್ತೇನೆ. ಸರಿ ಇದ್ರೆ ಪುಸ್ತಕ ನಿನಗೆ. ಇಲ್ಲಾಂದ್ರೆ ಅದು ಪೆಟ್ಟಿಗೆಯಲ್ಲೇ ಇರ್ಲಿ.”

ಸಾಧನಾ ಪರೀಕ್ಷೆಯ ಪೇಪರ್ ತಿದ್ದುವುದರಲ್ಲಿ ಮುಳುಗಿದ್ದಳು. “ಬರುವ ವಾರ ಮಾಡಿಕೊಡ್ತೇನೆ ಅತ್ತೆ” ಎಂದಳು. ಬರುವ ವಾರ ಯಾರಿಗೆ ಬೇಕು? ಹಾಗಾಗಿಯೇ ಶುಕ್ರವಾರದ ಆ ಪ್ರತಿಜ್ಞೆ. ಸಾಧನಾಳಿಗೆ ಸುದ್ದಿ ತಿಳಿದು ಫೋನು ಮಾಡಿ, “ಮಾವ, ನಿಮ್ಮ ಕಾಲಿಗೆ ಬೀಳ್ತೇನೆ, ಬ್ಲಾಗಿನ ಕೋಡಿಗೆ ಕೈ ಹಾಕಬೇಡಿ” ಎಂದಳು. “ನೀನು ಹುಟ್ಟುವ ಮೊದಲು ನಾನು ಕ್ಯಾಟಲಾಗು ಬರೆದವ!” ಎಂದ ಮಾವ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೇಮರಾಜ ತೋಳು ಮಡಚಿ ಕುಳಿತ. ಮೊದಲು ಕೋಡು. ‘ಇದನ್ನೂ ಓದಿ’ ಎಂಬಲ್ಲಿ ಅದೇ ವರ್ಗದ ಬರಹಗಳನ್ನು ಮಾತ್ರ ತೋರಿಸು ಎಂದು ಒಂದು ಸಾಲು ಬರೆಯಬೇಕಿತ್ತು. ಪುಸ್ತಕ ನೋಡಿ, ಇಂಟರ್ನೆಟ್ ನೋಡಿ, ಎರಡು ಲೋಟ ಕಷಾಯ ಕುಡಿದು, ಬರೆದೇ ಬಿಟ್ಟ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಸಾಲು ಸರಿಯಾಗಿಯೇ ಇತ್ತು! ಪಾಯಸದ ಕೆಳಗಿನ ಬಂಗುಡೆ ಮಾಯವಾಗಿ ಇನ್ನೊಂದು ಪಾಯಸ ಬಂತು. ಅಲ್ಲಿಗೆ ಎದ್ದು ಕೈ ತೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಗ್ರಂಥಪಾಲನ ಕಣ್ಣು ವರ್ಗಗಳ ಪಟ್ಟಿಯ ಮೇಲೆ ಬಿತ್ತು. ಅಯ್ಯೋ ದೇವರೇ, ಅದೇನು ಅರಾಜಕತೆ! ‘ಸಾರು’ ಎಂದು ಒಂದು ವರ್ಗ, ‘ಸಾರುಗಳು’ ಎಂದು ಇನ್ನೊಂದು. ‘ಮೀನು’, ‘ಮೀನು ಸಾರು’, ‘ಅಮ್ಮಣ್ಣಿಯ ಮೀನು’. ಎಲ್ಲಕ್ಕಿಂತ ಮೇಲೆ ‘ವರ್ಗವಿಲ್ಲದ್ದು’ ಎಂಬ ಒಂದು ವರ್ಗ!

“ವರ್ಗವಿಲ್ಲದ್ದು ಎಂಬ ವರ್ಗವಾ?” ಹೇಮರಾಜ ಎದ್ದುನಿಂತು ಕಂಪ್ಯೂಟರಿಗೆ ಬೈದ. “ಲೋಕದಲ್ಲಿ ವರ್ಗವಿಲ್ಲದ ವಸ್ತು ಅಂತ ಒಂದಾದರೂ ಉಂಟಾ? ನನ್ನ ಲೈಬ್ರರಿಯಲ್ಲಿ ಈ ಮಾತು ಆಡಿದ್ರೆ ನಾನು ಹೊರಗೆ ಹಾಕ್ತಿದ್ದೆ!”

ಅದನ್ನು ಅಳಿಸಲು ಹೋದರೆ ಕಂಪ್ಯೂಟರ್ ಬಿಡಲಿಲ್ಲ. ಯಾವ ವರ್ಗಕ್ಕೂ ಸೇರದೆ ಅನಾಥವಾದ ಬರಹಗಳು ಹೋಗಿ ಬೀಳುವ ಜಾಗ ಅದು. ಅದು ಬೇಡವಾದರೆ ಬೇರೊಂದನ್ನು ತೋರಿಸು ಎಂದಿತು. ಹೇಮರಾಜ ಪಟ್ಟಿಯಲ್ಲಿ ಎಲ್ಲಕ್ಕಿಂತ ಪವಿತ್ರವಾಗಿ ಕಂಡ ‘ಪರ್ವದ ಅಡುಗೆ’ಯನ್ನು ತೋರಿಸಿದ. ಅನಾಥರಿಗೆ ಒಳ್ಳೆಯ ಆಶ್ರಯ ಸಿಕ್ಕಿತಲ್ಲ ಎಂದು ಸಂತೋಷಪಟ್ಟ. ‘ವರ್ಗವಿಲ್ಲದ್ದು’ ಅಳಿದುಹೋಯಿತು.

ಮತ್ತೆ ಅವನನ್ನು ಹಿಡಿಯುವವರಿಲ್ಲ. ‘ಪರ್ವದ ಅಡುಗೆ’ಯೊಂದನ್ನು ಬಿಟ್ಟು ಹಳೆಯ ಕಪಾಟುಗಳನ್ನೆಲ್ಲ ಕೆಡವಿ ಹೊಸದಾಗಿ, ಲೈಬ್ರರಿಯ ಹಾಗೆ ದಶಮಾಂಶ ಸಂಖ್ಯೆ ಕೊಟ್ಟು ಕಟ್ಟುವುದೆಂದು ತೀರ್ಮಾನವಾಯಿತು. ಅಳಿಸು, ಅಳಿಸು, ಅಳಿಸು! ಪಟ್ಟಿಯ ಕೊನೆಯಲ್ಲಿ ‘ಪರೀಕ್ಷೆ’ ಎಂಬ ವರ್ಗ ಬಂದಾಗ ಮಾತ್ರ ಅವನ ಕೈ ನಿಂತಿತು.

ಆ ವರ್ಗದ ಗುಟ್ಟು ಇಬ್ಬರಿಗೆ ಮಾತ್ರ ಗೊತ್ತಿತ್ತು. ಬ್ಲಾಗು ಶುರುವಾದಾಗ ಸಾಧನಾ ಮಾವನಿಗೂ ಸ್ವಲ್ಪ ಕಲಿಸಿದ್ದಳು: “ಇದರಲ್ಲಿ ಏನಾದ್ರೂ ಬರೆದು ಅಭ್ಯಾಸ ಮಾಡಿ ಮಾವ. ಈ ವರ್ಗದ ಬರಹ ಯಾರಿಗೂ ಕಾಣದ ಹಾಗೆ ಕೋಡಿನಲ್ಲಿ ಹಾಕಿದ್ದೇನೆ.” ಏನಾದರೂ ಎಂದರೆ ಏನು ಬರೆಯುವುದು? ಕೆಲಸ ಮುಗಿಸಿ ಬೆಳ್ತಂಗಡಿಯಿಂದ ಸ್ಕೂಟರಿನಲ್ಲಿ ಬರುವ ಹೇಮರಾಜನ ದಾರಿಯಲ್ಲಿ ಪುಂಜಾಲಕಟ್ಟೆ. ಪುಂಜಾಲಕಟ್ಟೆಯಲ್ಲಿ ಅಮ್ಮಣ್ಣಿಯ ಗಂಡ ಕಮಲಾಕ್ಷನ ಹೋಟೆಲು. ಕಮಲಾಕ್ಷನ ಹೋಟೆಲಿನಲ್ಲಿ, ಸಂಜೆ ನಾಲ್ಕೂವರೆಗೆ, ಬಿಸಿ ಎಣ್ಣೆಯಿಂದ ಏಳುವ ನೀರುಳ್ಳಿ ಬಜೆ. “ನೀವು ತಿಂದಿಲ್ಲ ಹೇಮರಾಜಣ್ಣ, ನಾನು ಕಂಡಿಲ್ಲ” ಎಂದು ಕಮಲಾಕ್ಷ ಅವನನ್ನು ಒಳಗಿನ ಮೂಲೆಯ ಟೇಬಲ್ಲಿಗೆ ಕೂರಿಸುತ್ತಿದ್ದ. ಮನಸ್ಸಿನ ಭಾರ ಎಲ್ಲಾದರೂ ಇಳಿಸಬೇಕಲ್ಲ? ಹೇಮರಾಜ ಅದನ್ನು ‘ಪರೀಕ್ಷೆ’ಯಲ್ಲಿ ಇಳಿಸಿದ್ದ. ಹನ್ನೊಂದು ಕಂತಿನಲ್ಲಿ.

“ಈ ಕಪಾಟನ್ನೇ ಇಲ್ಲದ ಹಾಗೆ ಮಾಡಿದ್ರೆ ಸಾಕ್ಷಿಯೂ ಇಲ್ಲ” ಎಂದುಕೊಂಡು, ಅತ್ತಿತ್ತ ನೋಡಿ, ಅದನ್ನೂ ಅಳಿಸಿದ. ಎಷ್ಟು ಹಗುರ! ಒಂದೇ ಗುಂಡಿ ಒತ್ತಿದ್ದಕ್ಕೆ ಪಾಪಗಳೆಲ್ಲ ಹೋಗುವುದಾದರೆ ಇದಕ್ಕಿಂತ ದೊಡ್ಡ ಪುಣ್ಯಕ್ಷೇತ್ರ ಬೇರೆ ಯಾವುದು!

ಇನ್ನು ನೂರಿಪ್ಪತ್ತು ಅಡುಗೆಗಳನ್ನು ಎತ್ತಿ ಹೊಸ ಕಪಾಟುಗಳಲ್ಲಿ ಇಡುವುದೊಂದೇ ಬಾಕಿ. ಕೈ ಇಟ್ಟ, ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

“ಇವ್ರೇ, ಊಟಕ್ಕೆ ಬನ್ನಿ! ಹೊತ್ತು ಮುಳುಗ್ತಾ ಉಂಟು!”

“ಐದು ನಿಮಿಷ ಮತೀ, ಕಪಾಟು ಕೆಡವಿ ಆಗಿದೆ, ಪುಸ್ತಕ ಜೋಡಿಸ್ತಾ ಇದ್ದೇನೆ!”

“ಸೂರ್ಯನಿಗೆ ಹೇಳಿ, ಐದು ನಿಮಿಷ ನಿಲ್ತಾನಾ ನೋಡುವ!”

ಸೂರ್ಯ ನಿಲ್ಲುವವನಲ್ಲ, ಅನಂತಮತಿ ಬಿಡುವವಳಲ್ಲ. ಹೇಮರಾಜ ಎದ್ದ. ಊಟ ಮುಗಿಸಿ ಬರುವಾಗ ಕರೆಂಟು ಹೋಗಿತ್ತು. “ಬೆಳಿಗ್ಗೆ ಎದ್ದು ಜೋಡಿಸಿದ್ರಾಯ್ತು, ಪುಸ್ತಕ ಎಲ್ಲಿಗೂ ಓಡಿ ಹೋಗುವುದಿಲ್ಲ” ಎಂದು ನಿಶ್ಚಿಂತೆಯಿಂದ ಮಲಗಿದ.

ಅವನು ಮರೆತ ಸಂಗತಿ ಒಂದಿತ್ತು. ಪ್ರತಿ ಪರ್ವದ ದಿನ ಬೆಳಿಗ್ಗೆ ಆರು ಗಂಟೆಗೆ ‘ಪರ್ವದ ಅಡುಗೆ’ ವರ್ಗದಲ್ಲಿರುವ ಎಲ್ಲ ಬರಹಗಳ ಪಟ್ಟಿ ಬ್ಲಾಗಿನ ಓದುಗರಿಗೆ ತಾನಾಗಿ ಇ-ಅಂಚೆಯಲ್ಲಿ ಹೋಗುವಂತೆ ಸಾಧನಾ ಮಾಡಿಟ್ಟಿದ್ದಳು. ಓದುಗರು ಇನ್ನೂರ ಹದಿನಾಲ್ಕು ಜನ. ಅದರಲ್ಲಿ ಅರ್ಧಕ್ಕರ್ಧ ಮೂಡುಬಿದಿರೆ, ತೋಡಾರು, ವೇಣೂರು ಕಡೆಯ ನೆಂಟರಿಷ್ಟರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೇಮರಾಜನನ್ನು ಎಬ್ಬಿಸಿದ್ದು ಕಂಪೌಂಡಿನಾಚೆಯ ಧ್ವನಿ. ಅನಂತಮತಿ ಬಸದಿಗೆ ಹೋಗಿಯಾಗಿತ್ತು.

“ಹೇಮರಾಜಣ್ಣಾ! ಓ ಹೇಮರಾಜಣ್ಣಾ! ನನ್ನ ಬಂಗುಡೆ ಯಾವಾಗಿಂದ ವ್ರತ ಹಿಡಿದದ್ದು?” ಅಮ್ಮಣ್ಣಿ ಗೋಡೆಗೆ ಒರಗಿ, ಮೊಬೈಲು ಹಿಡಿದು, ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. “ಚತುರ್ದಶಿಗೆ ವಿಶೇಷ ಅಂತ ಕೋರಿ ರೊಟ್ಟಿ, ಮರುವಾಯಿ ಸುಕ್ಕ ಎಲ್ಲ ಬಂದುಂಟು! ಮತ್ತೆ... ಪರೀಕ್ಷೆ ಒಂದು, ಪರೀಕ್ಷೆ ಎರಡು ಅಂತ ಒಂದು ಹನ್ನೊಂದು... ಅದು ಎಂತದು ಅಣ್ಣಾ? ಬರೆದವರ ಹೆಸರು ನಿಮ್ಮದೇ ಉಂಟು!”

ಹೇಮರಾಜ ಓಡಿಹೋಗಿ ಕಂಪ್ಯೂಟರ್ ತೆರೆದ. ಕಪಾಟು ಕೆಡವಿದರೆ ಪುಸ್ತಕ ಭಸ್ಮವಾಗುವುದಿಲ್ಲ, ನೆಲಕ್ಕೆ ಬೀಳುತ್ತದೆ ಎಂಬುದು ಗ್ರಂಥಪಾಲನಿಗೇ ಗೊತ್ತಿರಬೇಕಿತ್ತು. ಎಲ್ಲವೂ ಬಿದ್ದಿದ್ದವು, ಅವನೇ ತೋರಿಸಿದ್ದ ಆ ಪವಿತ್ರ ಆಶ್ರಯಕ್ಕೆ. ಅಮ್ಮಣ್ಣಿಯ ನಲವತ್ತೆರಡು ಮೀನು ಮಾಂಸ, ಅನಂತಮತಿಯ ಎಪ್ಪತ್ತೆಂಟು ಸಾತ್ವಿಕ, ಅದರ ಮೇಲೆ ಅವನ ಹನ್ನೊಂದು ತಪ್ಪೊಪ್ಪಿಗೆ. ನಿನ್ನೆ ಬರೆದ ಆ ಸಾಲು ಕೂಡ ಚಾಚೂ ತಪ್ಪದೆ ಕೆಲಸ ಮಾಡುತ್ತಿತ್ತು: ಎಲ್ಲವೂ ಒಂದೇ ವರ್ಗವಾದ್ದರಿಂದ ಈಗ ಪಾಯಸದ ಕೆಳಗೆ ಒಂದಲ್ಲ, ನಾಲ್ಕು ಮೀನು!

‘ಪರೀಕ್ಷೆ ೧: ಅಕ್ಷರ ಮೂಡುತ್ತದೆಯೇ ಎಂದು ನೋಡುತ್ತಿದ್ದೇನೆ. ಇಂದು ಪುಂಜಾಲಕಟ್ಟೆಯಲ್ಲಿ ನೀರುಳ್ಳಿ ಬಜೆ. ಎರಡು ಪ್ಲೇಟು. ಗರಿಗರಿ. ಮತಿಗೆ ತಿಳಿಯಬಾರದು.’

‘ಪರೀಕ್ಷೆ ೪: ದಪ್ಪ ಅಕ್ಷರ ಮಾಡಲು ಕಲಿತೆ. ಮಸಾಲೆ ದೋಸೆ. ಒಳಗೆ ಬಟಾಟೆ ಪಲ್ಯ ಧಾರಾಳ.’

‘ಪರೀಕ್ಷೆ ೭: ಚಿತ್ರ ಸೇರಿಸುವ ಅಭ್ಯಾಸ.’ ಚಿತ್ರದಲ್ಲಿ ಅರ್ಧ ತಿಂದ ಬಟಾಟೆ ಅಂಬಡೆ. ಅದನ್ನು ಹಿಡಿದ ಕೈಯಲ್ಲಿ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅನಂತಮತಿ ಕೊಟ್ಟ ವಾಚು.

‘ಪರೀಕ್ಷೆ ೧೧: ಇಂದು ಅಷ್ಟಮಿ ಎಂದು ಬಜೆ ತಿನ್ನುವಾಗ ನೆನಪಾಯಿತು. ಅರ್ಧಕ್ಕೇ ಬಿಟ್ಟೆ. ಸುಳ್ಳು. ಪೂರ್ತಿ ತಿಂದೆ.’

ಕೆಳಗೆ ತೋಡಾರಿನ ಯಾರೋ ಪುಣ್ಯಾತ್ಮರು ಆಗಲೇ ಪ್ರತಿಕ್ರಿಯೆ ಬರೆದಿದ್ದರು: ‘ಚಟ್ನಿ ಹೇಗಿತ್ತೆಂದು ತಿಳಿಸಿಲ್ಲ.’

ಹೇಮರಾಜ ಮೊದಲು ರೂಟರಿನ ಪ್ಲಗ್ಗು ಕಿತ್ತ. ಮನೆಯ ಇಂಟರ್ನೆಟ್ ಹೋಯಿತು. ಲೋಕದ ಇಂಟರ್ನೆಟ್ ಇತ್ತು. ಪುನಃ ಸಿಕ್ಕಿಸಿದ. ಎಲ್ಲ ಬರಹಗಳನ್ನೂ ಒಟ್ಟಿಗೆ ಹಿಡಿದು, ನಿನ್ನೆ ಹೊಸದಾಗಿ ಕಟ್ಟಿದ್ದ ‘ಎರಡನೇ ಒಲೆ’ಗೆ ನೂಕಿದ. ಈ ನೂಕುವ ಕ್ರಮದಲ್ಲಿ ಹೊಸ ವರ್ಗ ಸೇರುತ್ತದೆಯೇ ಹೊರತು ಹಳೆಯದು ಬಿಡುವುದಿಲ್ಲ ಎಂದು ಅವನಿಗೇನು ಗೊತ್ತು? ಈಗ ಪರ್ವದ ಅಡುಗೆಯಲ್ಲಿ ಮೀನು ಇತ್ತು, ಮೀನಿನ ಒಲೆಯಲ್ಲಿ ಪಾಯಸ ಇತ್ತು, ಬಜೆ ಎರಡೂ ಕಡೆ ಇತ್ತು! ಕೊನೆಗೆ ಅಭಿಮಾನವನ್ನು ಪಂಚೆಯ ಹಾಗೆ ಮಡಚಿ ಕಟ್ಟಿ ಸಾಧನಾಳಿಗೆ ಫೋನು ಹಚ್ಚಿದ.

“ಮಾವ,” ಎಂದಳು ಸಾಧನಾ, “ಮೊದಲು ಕುರ್ಚಿ ಬಿಟ್ಟು ಏಳಿ.”

“ಎದ್ದೆ.”

“ಎರಡು ಹೆಜ್ಜೆ ಹಿಂದೆ ಹೋಗಿ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ. ಇನ್ನು ನಾನು ನೋಡಿಕೊಳ್ತೇನೆ.”

“ನಾನು ಆ ವರ್ಗ ಅಳಿಸಿದ್ದೆ ಮಗಾ! ಒಳಗಿನದ್ದು ಎಲ್ಲ ಹೋಗ್ಬೇಕಿತ್ತಲ್ಲ!”

“ವರ್ಗ ಅಂದ್ರೆ ಕಪಾಟಲ್ಲ ಮಾವ, ಪುಸ್ತಕದ ಬೆನ್ನಿಗೆ ನೀವು ಅಂಟಿಸ್ತೀರಲ್ಲ, ಆ ಚೀಟಿ. ಚೀಟಿ ಹರಿದ್ರೆ ಪುಸ್ತಕ ಸಾಯ್ತದಾ? ನಾನು ಆ ಒಂದು ವರ್ಗದ ನಂಬರು ಹೇಳಿ ಅಡಗಿಸಿದ್ದು. ನಂಬರೇ ಹೋದ ಮೇಲೆ ಅಡಗಿಸುವುದು ಎಂತದನ್ನು?” ಅದರ ಬೆನ್ನಿಗೇ ಕೇಳಿದಳು, “ಅಷ್ಟಮಿ ದಿನ ಪೂರ್ತಿ ತಿಂದ್ರಾ ಮಾವ?”

ಮೂವತ್ತು ಸಾವಿರ ಚೀಟಿ ಅಂಟಿಸಿದವನಿಗೆ ಚೀಟಿಯ ಪಾಠ ಆಗಿತ್ತು. ಅರ್ಧ ಗಂಟೆಯಲ್ಲಿ ಸಾಧನಾ ಶನಿವಾರ ಮಧ್ಯಾಹ್ನ ಮಾವ ಕೈ ಹಾಕುವ ಮೊದಲೇ ತೆಗೆದಿಟ್ಟಿದ್ದ ಬ್ಯಾಕಪ್ಪು ಪ್ರತಿಯಿಂದ ಎಲ್ಲವನ್ನೂ ಮೊದಲಿನಂತೆ ಮಾಡಿದಳು. “ನಿಮ್ಮ ಆ ಒಂದು ಸಾಲು ಮಾತ್ರ ಒಳ್ಳೆದುಂಟು, ಅದನ್ನು ಇಟ್ಟಿದ್ದೇನೆ. ಆದ್ರೆ ಹೋದ ಅಂಚೆಯನ್ನು ವಾಪಸು ತರಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದಳು.

ಅನಂತಮತಿ ಬಸದಿಯಿಂದ ಬಂದಳು. ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ಕುರ್ಚಿ ಎಳೆದು ಗಂಡನ ಎದುರು ಕುಳಿತಳು. ಬೈದಿದ್ದರೆ ಹೇಮರಾಜನಿಗೆ ಎಷ್ಟೋ ಸುಖವಿತ್ತು.

“ಬಸದಿಯಲ್ಲಿ ಎಲ್ಲ ನನ್ನನ್ನು ನೋಡಿ ನಗ್ತಾ ಇದ್ರು” ಎಂದಳು. “ನಾನು ಕುಂಕುಮ ಹೆಚ್ಚಾಯ್ತೋ ಅಂತ ಒರೆಸಿಕೊಂಡೆ. ಆಮೇಲೆ ಒಬ್ಬರು ಮೊಬೈಲು ತೋರಿಸಿದ್ರು.”

“ಮತೀ, ಅದು... ಅಕ್ಷರ ಬರ್ತದಾ ಅಂತ...”

“ಬಜೆ ಬಿಡಿ. ಅದಲ್ಲ ನನಗೆ ಬೇಸರ. ದೊಡ್ಡಮ್ಮ ಇವತ್ತು ನೋಡ್ತೇನೆ ಅಂದಿದ್ರು. ಆರು ಗಂಟೆಗೇ ಅವರಿಗೂ ಹೋಗಿರ್ತದೆ. ನನ್ನ ಅಜ್ಜಿಯ ಪುಸ್ತಕ ಇವ್ರೇ. ಹತ್ತು ವರ್ಷ ಕಾದಿದ್ದೆ. ಇನ್ನು ಅದು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ.”

ಊರೆಲ್ಲ ನಕ್ಕದ್ದು ಹೇಮರಾಜನಿಗೆ ಅಷ್ಟು ತಟ್ಟಿರಲಿಲ್ಲ, ಇದು ತಟ್ಟಿತು. “ನಾನೇ ಸಿದ್ಧಕಟ್ಟೆಗೆ ಹೋಗಿ ಅವರ ಕಾಲು ಹಿಡೀತೇನೆ” ಎಂದು ಎದ್ದು ಅಂಗಿ ಹುಡುಕಿದ. ಒಂದು ತೋಳು ಹಾಕಿ ಇನ್ನೊಂದು ತೋಳು ಹುಡುಕುವಷ್ಟರಲ್ಲಿ ಗೇಟಿನ ಹತ್ತಿರ ರಿಕ್ಷಾ ನಿಂತಿತು. ಬಿಳಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಸಾಕ್ಷಾತ್ ವಿಜಯಮತಿ ದೊಡ್ಡಮ್ಮ!

ದೊಡ್ಡಮ್ಮ ಚಾವಡಿಯಲ್ಲಿ ಕುಳಿತರು, ನೀರು ಕುಡಿದರು, ಕನ್ನಡಕ ಒರೆಸಿ ಹಾಕಿಕೊಂಡರು. ಅಮ್ಮಣ್ಣಿಯೂ ರಿಕ್ಷಾ ಕಂಡು ಬಂದು ಬಾಗಿಲಲ್ಲಿ ನಿಂತಳು. ಹೇಮರಾಜ ಒಂದೇ ತೋಳಿನ ಅಂಗಿಯಲ್ಲಿ ಕಂಬಕ್ಕೆ ಒರಗಿದ.

“ಅಳಿಯಂದಿರೇ, ಹನ್ನೊಂದನ್ನೂ ಓದಿದೆ.”

“ತಪ್ಪಾಯ್ತು ದೊಡ್ಡಮ್ಮ. ಮತಿಯದ್ದು ಏನೂ ತಪ್ಪಿಲ್ಲ. ಎಲ್ಲ ನನ್ನದೇ...”

“ಬರವಣಿಗೆ ಒಳ್ಳೆದುಂಟು. ಏಳನೆಯದ್ದರಲ್ಲಿ ವಾಚು ಚಂದ ಬಂದಿದೆ.” ದೊಡ್ಡಮ್ಮನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. “ಬೆಳಿಗ್ಗೆ ನೋಡಿದಾಗ ಎರಡು ಒಲೆ ಸೇರಿ ಒಂದೇ ಹೊಂಡ ಆಗಿತ್ತು. ಈಗ ಬಸ್ಸಿನಲ್ಲಿ ಬರುವಾಗ ನೋಡಿದೆ. ಸರಿ ಉಂಟು, ಮೀನೂ ಇಲ್ಲ. ಆದ್ರೆ ನಾನು ಬಂದದ್ದು ಅದಕ್ಕಲ್ಲ.”

ಚೀಲದಿಂದ ನೋಟುಪುಸ್ತಕ ಹೊರಗೆ ಬಂತು. ಹಳದಿ ಹಾಳೆ, ಹೊಲಿದ ಬೆನ್ನು. ಅನಂತಮತಿಯ ಕೈ ತಾನಾಗಿ ಮುಂದೆ ಬಂತು. ದೊಡ್ಡಮ್ಮ ಕೊಡಲಿಲ್ಲ. ಪುಸ್ತಕವನ್ನು ತಲೆಕೆಳಗು ಮಾಡಿ, ಹಿಂದಿನ ರಟ್ಟಿನಿಂದ ತೆರೆದು, ಹೇಮರಾಜನ ಮುಂದೆ ಹಿಡಿದರು.

“ಓದಿ.”

ಹೇಮರಾಜ ಓದಿದ. “ಹನ್ನೆರಡು, ಮೂರು, ಎಪ್ಪತ್ತನಾಲ್ಕು. ಕಾರ್ಕಳ. ಬಟಾಟೆ ಅಂಬಡೆ, ಮೂರು. ನಾಲ್ಕು, ಏಳು, ಎಪ್ಪತ್ತನಾಲ್ಕು. ಮಂಗಳೂರು. ನೀರುಳ್ಳಿ ದೋಸೆ...” ಪುಟ ತಿರುಗಿಸಿದ. ಇನ್ನೊಂದು ಪುಟ. ಇನ್ನೂ ಒಂದು. “ಇದು ಯಾರದ್ದು ದೊಡ್ಡಮ್ಮ?”

“ತಿಂದದ್ದು ನಿಮ್ಮ ದೊಡ್ಡಪ್ಪ, ಬರೆದಿಟ್ಟದ್ದು ನಾನು. ನಲವತ್ತು ವರ್ಷದ್ದು ಉಂಟು.” ಈಗ ದೊಡ್ಡಮ್ಮನ ತುಟಿ ಸಡಿಲವಾಯಿತು. “ಈ ಪುಸ್ತಕ ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ ಅಂತ ಮಾಡಿದ್ದೀರಿ? ಮೀನು ಒಂದು ನೆಪ. ಈ ಹಿಂದಿನ ಪುಟ ಯಾರಾದ್ರೂ ನೋಡಿದ್ರೆ ಅವರ ಮರ್ಯಾದೆ ಹೋಗ್ತದಲ್ಲಾಂತ ನನಗೆ ಹೆದರಿಕೆ. ಇವತ್ತು ನೀವು ನೋಡಿದ್ರೆ ಬೆಳಿಗ್ಗೆ ಆರು ಗಂಟೆಗೆ ಇನ್ನೂರು ಮನೆಗೆ ಡಂಗುರ ಹೊಡೆಸಿದ್ದೀರಿ! ಮತ್ತೆ ನನಗೆಂತ ನಾಚಿಕೆ?”

ಅಮ್ಮಣ್ಣಿ ಬಾಗಿಲಲ್ಲೇ ಕುಸಿದು ಕುಳಿತು ನಕ್ಕಳು. “ಹೇಮರಾಜಣ್ಣನ ಪುಣ್ಯ! ನಮ್ಮವರ ಹೋಟೆಲಿನಲ್ಲಿ ಇವತ್ತು ಒಂಬತ್ತು ಗಂಟೆಗೇ ಬಜೆ ಖಾಲಿಯಂತೆ!”

ದೊಡ್ಡಮ್ಮ ಪುಸ್ತಕವನ್ನು ಅನಂತಮತಿಯ ಕೈಯಲ್ಲಿಟ್ಟರು. ಅನಂತಮತಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

“ಹಿಂದೆ ಇನ್ನೂ ತುಂಬ ಪುಟ ಖಾಲಿ ಉಂಟು” ಎಂದರು ದೊಡ್ಡಮ್ಮ. “ನೀನು ಮುಂದುವರಿಸು. ಹನ್ನೊಂದರಿಂದ ಶುರು ಮಾಡು.”

“ಹನ್ನೊಂದಲ್ಲ ದೊಡ್ಡಮ್ಮ” ಎಂದಳು ಅನಂತಮತಿ, ಕಣ್ಣೊರೆಸಿಕೊಳ್ಳುತ್ತ. “ಹದಿನಾಲ್ಕು.”

ಹೇಮರಾಜ ಬೆಚ್ಚಿಬಿದ್ದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬರೆಯದೆ ಬಿಟ್ಟದ್ದು ಕಳೆದ ತಿಂಗಳು ಒಂದು, ಅದರ ಹಿಂದೆ ಒಂದು, ಮೊನ್ನೆ ಶುಕ್ರವಾರದ್ದು ಒಂದು. ಹೌದು! ಹದಿನಾಲ್ಕು!

“ನಿನಗೆ ಹೇಗೆ ಗೊತ್ತು ಮತೀ? ಕಮಲಾಕ್ಷ ಹೇಳಿದ್ನಾ?”

ಅವಳು ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ಅವಳನ್ನು ನೋಡಿದರು. ಇಬ್ಬರೂ ಅಮ್ಮಣ್ಣಿಯನ್ನು ನೋಡಿದರು. ಮೂವರೂ ಒಟ್ಟಿಗೆ ಅಡುಗೆಮನೆಗೆ ನಡೆದರು. ಹೇಮರಾಜ ಅಂಗಿಯ ಇನ್ನೊಂದು ತೋಳು ಹುಡುಕಿ ಹಾಕಿಕೊಂಡ.

ಆ ದಿನವಿಡೀ ಅವನು ಗೇಟು ದಾಟಲಿಲ್ಲ. ದೊಡ್ಡಮ್ಮ ಸಂಜೆ ನಾಲ್ಕರ ಬಸ್ಸಿಗೆ ಹೊರಟರು. ಅನಂತಮತಿ ಪುಸ್ತಕದ ಮೊದಲ ಪುಟ ತೆರೆದಿಟ್ಟು, ಅಜ್ಜಿಯ ಹುರುಳಿ ಸಾರು ಮಾಡಿದಳು. ಹುರುಳಿ ಬೇಯುವ ಪರಿಮಳ, ತುಪ್ಪದಲ್ಲಿ ಜೀರಿಗೆ ಚಟಪಟ ಎನ್ನುವ ಪರಿಮಳ ಚಾವಡಿಯವರೆಗೆ ಬಂದು ಹೇಮರಾಜನನ್ನು ಎಬ್ಬಿಸಿಕೊಂಡು ಹೋಯಿತು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇತ್ತು. ಬೆಳಿಗ್ಗೆಯಿಂದ ಭಯದಲ್ಲಿ ಏನೂ ಇಳಿಯದಿದ್ದ ಗಂಟಲಿಗೆ ಮೊದಲ ತುತ್ತು ಇಳಿಯಿತು, ಅದರ ಬೆನ್ನಿಗೇ ಇಡೀ ಬಟ್ಟಲು.

“ಆಹಾ!” ಎಂದ ಹೇಮರಾಜ. “ಎಂತ ಸಾರು ಮಾರಾಯ್ತಿ!”

ಅನಂತಮತಿ ಸೌಟು ಕೆಳಗಿಟ್ಟಳು. ಎದ್ದು ಹೋಗಿ ನೋಟುಪುಸ್ತಕ, ಪೆನ್ನು ತಂದಳು. ತಲೆಕೆಳಗು ಮಾಡಿ, ಹಿಂದಿನಿಂದ ತೆರೆದು ಕೇಳಿದಳು:

“ಎಲ್ಲಿ?”

“ಎಲ್ಲಿ ಎಂತದು?”

“ಇವತ್ತು ಎಲ್ಲಿ ತಿಂದ್ರಿ? ಇಪ್ಪತ್ತಾರು ವರ್ಷದಲ್ಲಿ ಹೊರಗೆ ತಿಂದು ಬಂದ ದಿನ ಬಿಟ್ರೆ ಬೇರೆ ದಿನ ನೀವು ನನ್ನ ಅಡುಗೆಯನ್ನು ಹೊಗಳಿದ್ದು ಉಂಟಾ?”

ಹೇಮರಾಜನಿಗೆ ಶುಕ್ರವಾರದ ದೇವೇಂದ್ರ ನೆನಪಾದ. ಅದರ ಹಿಂದಿನ ಹದಿಮೂರು ದೇವೇಂದ್ರರೂ ಸಾಲಾಗಿ ನೆನಪಾದರು.

“ದೇವರಾಣೆ ಮತೀ, ಇವತ್ತು ಎಲ್ಲಿಯೂ ತಿಂದಿಲ್ಲ! ಗೇಟು ದಾಟಿದ್ರೆ ಕೇಳು! ನಿಜವಾಗಿಯೂ ಚೆನ್ನಾಗುಂಟು ಅಂತ ಹೇಳಿದ್ದು!”

ಅನಂತಮತಿ ಅವನ ಬಟ್ಟಲು ನೋಡಿದಳು. ಒಂದು ಅಗುಳೂ ಉಳಿದಿರಲಿಲ್ಲ. ಮುಖ ನೋಡಿದಳು. ನಂಬಿದಳು. ಪೆನ್ನನ್ನು ಗಲ್ಲಕ್ಕೆ ಒತ್ತಿದಳು.

“ಹಾಗಾದ್ರೆ ಇದು ಆ ಹದಿನಾಲ್ಕರಲ್ಲಿ ಸೇರುವುದಿಲ್ಲ. ಇಂಥದ್ದು ಇದುವರೆಗೆ ಆದದ್ದೇ ಇಲ್ಲವಲ್ಲ, ಎಲ್ಲಿಗೆ ಹಾಕುವುದು ಇವ್ರೇ? ನೀವೇ ಹೇಳಿ, ಇಪ್ಪತ್ತೆಂಟು ವರ್ಷ ವಿಂಗಡಿಸಿದವರು.”

ಮೂವತ್ತು ಸಾವಿರ ಪುಸ್ತಕಗಳ ಒಡೆಯ ಖಾಲಿ ಬಟ್ಟಲನ್ನು ಮುಂದೆ ಚಾಚಿದ.

ಅವಳು ಒಂದು ಖಾಲಿ ಪುಟ ತೆರೆದಳು, ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು, ಆಮೇಲೆ ಪುಟದ ನೆತ್ತಿಯಲ್ಲಿ ದುಂಡಗೆ ಬರೆದಳು:

‘ವರ್ಗವಿಲ್ಲದ್ದು: ಒಂದು.’